ಪಕ್ಕೀರಮ್ಮನ ಒದ್ದೆ ಕೌದಿ

ನನ್ನ ಮಗಳು ಗಂಗಾಂಬಿಕಾ ಹುಟ್ಟಿದ ವರ್ಷ ನಾನು ಹೆದರದಿದ್ದ ವಸ್ತು ನಮ್ಮ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಫ್ಯಾನು ತಿರುಗಿದರೆ ಕಳಚಿ ಬಿದ್ದೀತೆಂದು ಹೆದರುತ್ತಿದ್ದೆ, ನಿಂತರೆ ಮಗುವಿಗೆ ಬೆವರುಸಾಲೆ ಎದ್ದೀತೆಂದು ಹೆದರುತ್ತಿದ್ದೆ. ಅವಳು ಅತ್ತರೆ ಹೊಟ್ಟೆನೋವು, ಅಳದಿದ್ದರೆ ಅದಕ್ಕಿಂತ ದೊಡ್ಡದೇನೋ. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದ ಫಲವಾಗಿ ನನಗೆ ಕ್ರಿಮಿಗಳ ಹೆಸರು ಗೊತ್ತಿತ್ತು. ಹೆಸರು ಗೊತ್ತಿರುವವರು ಯಾವ ಹೊತ್ತಿಗಾದರೂ ಮನೆಗೆ ಬಂದಾರು ಎಂಬ ಭಯ ಇದ್ದೇ ಇರುತ್ತದಲ್ಲ! ಹಾಗಾಗಿ ಒಗೆದದ್ದನ್ನೆಲ್ಲ ಡೆಟಾಲ್ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಹಣೆಗಿಂತ ಮೊದಲು ಮೂಗಿಗೆ ಕೈ ಒಯ್ಯುತ್ತಿದ್ದರು.

ಆ ದಿನಗಳಲ್ಲಿ ನನ್ನನ್ನು ಸಂಭಾಳಿಸಿದವಳು ಪಕ್ಕೀರಮ್ಮ. ಈ ಬರಹ ಅವಳ ಬಗ್ಗೆ. ನಡುನಡುವೆ ನಾನೇ ನುಗ್ಗಿದರೆ ಸಹಿಸಿಕೊಳ್ಳಿ. ಅವಳ ಬದುಕಿನೊಳಕ್ಕೂ ನಾನು ಹೀಗೇ ನುಗ್ಗಿದ್ದು, ಕಂಕುಳಲ್ಲಿ ಹಸಿ ಬಟ್ಟೆಯ ಗಂಟು ಇಟ್ಟುಕೊಂಡು.

ನನ್ನ ಗಂಡ ಗವಿಸಿದ್ದೇಶ್ ಅವರದು ಕೊಟ್ಟೂರಿನ ಹೊರಗೆ, ಹರಪನಹಳ್ಳಿ ರಸ್ತೆಯಲ್ಲಿ, ಒಂದು ಸಣ್ಣ ರಟ್ಟಿನ ಮಿಲ್ಲು. ಮನೆಯೂ ಅದೇ ಕಾಂಪೌಂಡಿನಲ್ಲಿ. ಹರಿಹರದ ಕಡೆ ನೀಲಗಿರಿ ಮರವನ್ನು ಬೇಯಿಸಿ ನಾರು ತೆಗೆಯುತ್ತಾರಲ್ಲ, ಅಲ್ಲಿ ಜರಡಿಯಲ್ಲಿ ಉಳಿದುಹೋದ ಒರಟು ನಾರು ಅವರಿಗೆ ಕಸ, ನಮಗೆ ಕಚ್ಚಾ ಮಾಲು. ಲಾರಿಯಲ್ಲಿ ದಾರಿಯುದ್ದಕ್ಕೂ ನೀರು ಸೋರಿಸುತ್ತ, ಹುಳಿ ಬಂದ ಹಿಟ್ಟಿನ ವಾಸನೆ ಹೊತ್ತು ಬರುತ್ತಿತ್ತು. ಅದಕ್ಕೆ ನೀರು ಬೆರೆಸಿ ತೊಟ್ಟಿಯಲ್ಲಿ ಅರೆದರೆ ತೆಳ್ಳನೆಯ ಅಂಬಲಿ. ಜಾಲರಿಯ ಉರುಳೆಯೊಂದು ಆ ಅಂಬಲಿಯನ್ನು ಪದರ ಪದರವಾಗಿ ಎತ್ತಿಕೊಡುತ್ತದೆ. ಬೇಕಾದಷ್ಟು ದಪ್ಪವಾದ ಮೇಲೆ ಕತ್ತರಿಸಿ ಬಿಡಿಸಿದರೆ ಹಸಿ ರಟ್ಟು. ಒತ್ತಿ ನೀರು ಹಿಂಡಿದ ಮೇಲೂ ಅದು ಎಳೆ ಕೂಸಿನ ಹಾಗೆಯೇ. ಎರಡೂ ಕೈ ಕೊಟ್ಟು ಎತ್ತಬೇಕು, ಇಲ್ಲದಿದ್ದರೆ ಕತ್ತು ಜೋಲುತ್ತದೆ.

ಆಮೇಲೆ ಅದನ್ನು ಒಣಗಿಸಬೇಕು. ಮಿಲ್ಲಿನ ತಲೆನೋವೆಲ್ಲ ಇರುವುದು ಅಲ್ಲಿಯೇ.

ಒಣಗಿಸುವ ಬಯಲಿಗೆ ಎಲ್ಲರೂ ಕಣ ಎನ್ನುತ್ತಿದ್ದರು. ಆ ಕಣಕ್ಕೆ ಪಕ್ಕೀರಮ್ಮ ಒಡತಿ. ಹೆಂಗಸರು ಜೋಡಿ ಜೋಡಿಯಾಗಿ ಹಸಿ ರಟ್ಟು ತಂದು ನೆಲದ ಮೇಲೆ ಹಾಸುವುದು, ಬಿಸಿಲೇರಿದ ಮೇಲೆ ಮಗುಚುವುದು, ಕೊನೆಗೆ ಎರಡೆರಡನ್ನು ಗುಡಿಸಲಿನಂತೆ ಒರಗಿಸಿ ನಿಲ್ಲಿಸುವುದು, ಎಲ್ಲವೂ ಅವಳ ಬಾಯಿಯ ಮೇಲೆ ನಡೆಯುತ್ತಿತ್ತು. ಬಾಯಿ ಎಂದರೆ ಬಾಯಿಯೇ. ಅವಳು ಕಣದಲ್ಲಿ ಯಾರನ್ನಾದರೂ ಬೈದರೆ ನಮ್ಮ ಅಡುಗೆಮನೆಯಲ್ಲಿ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಅವಳು ಕೋಗಳಿ ಹತ್ತಿರದ ಹಳ್ಳಿಯವಳು, ಕುರಿ ಸಾಕುವವರ ಮನೆಯ ಹೆಣ್ಣು. ಹುಟ್ಟಿದಾಗಿನಿಂದ ಮಂದೆಯ ಹಿಂದೆ ಬಯಲಲ್ಲೇ ಬೆಳೆದದ್ದು. ಗಂಡ ಎರ್ರೆಪ್ಪ ಈಗಲೂ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ಮನೆಯಲ್ಲಿದ್ದಾಗಲೂ ಇವಳು ಮಲಗುವುದು ಅಂಗಳದಲ್ಲಿ. “ನಾಕ್ ಗ್ವಾಡಿ ಕಂಡ್ರ ನನಗ ಉಸಿರು ಕಟ್ಟತೈತ್ರಿ ಅಮ್ಮಾರೆ,” ಎನ್ನುತ್ತಿದ್ದಳು. ಮೊಣಕಾಲು ಹೋದ ಮೇಲೆ ಕುರಿಯ ಹಿಂದೆ ನಡೆಯಲಾಗದೆ ಮಿಲ್ಲಿಗೆ ಬಂದವಳು, ಕುರಿಮಂದೆಯ ಬದಲು ರಟ್ಟಿನ ಮಂದೆ ಕಾಯತೊಡಗಿದ್ದಳು.

ಮೋಡ ನೋಡಿ ಮಳೆ ಹೇಳುವುದು ತನಗೆ ಮಾತ್ರ ಗೊತ್ತು ಎಂಬುದು ಅವಳ ಜಂಬ. ಒಮ್ಮೆ ಕಣದ ತುಂಬ ರಟ್ಟು ಹರಡಿತ್ತು. ತೆಂಕಣ ದಿಕ್ಕು ಕಪ್ಪಾಯಿತು. ಕಣದಲ್ಲಿ ಕೆಲಸ ಮಾಡುವ ಮೈಲಮ್ಮ, ಇವಳಿಗಿಂತ ಹತ್ತಿಪ್ಪತ್ತು ವರ್ಷ ಸಣ್ಣವಳು, ನಾಲಿಗೆಯಲ್ಲಿ ಮಾತ್ರ ಸಮವಯಸ್ಕಳು, ಎತ್ತಿಬಿಡೋಣವೇ ಎಂದು ಕೇಳಿದಳು.

“ಸುಮ್ಕಿರು ಲೇ. ಆ ಮೋಡ ಬಂಡಿ ಹೊಡ್ಕಂಡು ಹಡಗಲಿ ಕಡಿ ಹೊಂಟೈತಿ. ನಮ್ಮೂರಾಗ ಇಳಿಯಾಕ ಅದಕ್ಕ ಟೈಮಿಲ್ಲ.”

ಮೋಡ ಬಂಡಿ ನಿಲ್ಲಿಸಿ ಇಳಿಯಿತು. ಕಣದ ರಟ್ಟೆಲ್ಲ ಮತ್ತೆ ಅಂಬಲಿಯಾಗಿ ಚರಂಡಿ ಕಡೆ ಹೊರಟಿತು. ನೆನೆದು ತೊಪ್ಪೆಯಾಗಿ ನಿಂತ ಮೈಲಮ್ಮ, “ಯಕ್ಕಾ, ಟೈಮು ಸಿಕ್ತು ನೋಡು ಅದಕ್ಕ,” ಎಂದಳು.

“ನಾನ ಕರದೆ. ಆ ನಾರು ಸರಿ ಅರದಿರ್ಲಿಲ್ಲ, ಇನ್ನೊಂದ್ ಸಲ ಅರೀಲಿ ಅಂತ,” ಎಂದಳು ಪಕ್ಕೀರಮ್ಮ, ಕಣ್ಣು ಕೂಡ ಮಿಟುಕಿಸದೆ.

ಇಂಥ ಮಳೆಗಳಿಂದಲೇ ನನ್ನ ಗಂಡನ ತಲೆಯಲ್ಲಿ ಬಿಸಿಗಾಳಿ ಕೋಣೆ ಹೊಕ್ಕಿದ್ದು. ಕಣದ ಒಂದು ಬದಿಗೆ ಇಟ್ಟಿಗೆಯ ಉದ್ದನೆಯ ಕೋಣೆ ಎದ್ದಿತು. ಹೊರಗೆ ಶೇಂಗಾ ಹೊಟ್ಟು ಉರಿಸುವ ಒಲೆ, ಒಲೆಯ ಬಿಸಿಯನ್ನು ಒಳಕ್ಕೆ ಊದುವ ದೊಡ್ಡ ಫ್ಯಾನು, ಒಳಗೆ ತಂತಿ, ತಂತಿಗೆ ಕ್ಲಿಪ್ಪು, ಕ್ಲಿಪ್ಪಿಗೆ ನೇತಾಡುವ ರಟ್ಟು. ದಾವಣಗೆರೆಯಿಂದ ಜಂಬುನಾಥ ಎಂಬ ಫಿಟ್ಟರ್ ಬಂದು ಕೂಡಿಸಿದ. ಅವನು ಬೋಲ್ಟು ಬಿಗಿಯುವಾಗಲೂ ಇಸ್ತ್ರಿ ಷರ್ಟು ಹಾಕುತ್ತಿದ್ದ.

ಪೂಜೆಯ ದಿನ, ಕಾಯಿ ಒಡೆದ ಮೇಲೆ, ನನ್ನ ಗಂಡ ಎಲ್ಲ ಹೆಂಗಸರ ಎದುರಿಗೇ ಹೇಳಿದರು.

“ಪಕ್ಕೀರಮ್ಮ, ಮುಚ್ಚಿಟ್ಟು ಮಾತಾಡಾಕ ನನಗ ಬರಂಗಿಲ್ಲ. ಈ ಕ್ವಾಣ್ಯಾಗ ರಟ್ಟು ನೆಟ್ಟಗ ಒಣಗಾಕ ಹತ್ತಿದ್ರ ನಾ ಕಣ ಮುಚ್ಚತೀನಿ. ನೇತು ಹಾಕಾಕ ಇಬ್ಬರು ಗಂಡಾಳು ಸಾಕು. ಆಮ್ಯಾಲ ಹೇಳ್ಲಿಲ್ಲ ಅನ್ಬ್ಯಾಡ.”

ಮೈಲಮ್ಮ ಪ್ರಾಯದವಳು, ಎಲ್ಲಿಯಾದರೂ ಈರುಳ್ಳಿ ಹೊಲಕ್ಕೆ ಹೋದಾಳು. ಪಕ್ಕೀರಮ್ಮನ ಮೊಣಕಾಲು ಹೊಲದಲ್ಲಿ ಬಗ್ಗಿ ಕೂರಲು ಒಪ್ಪುವಂಥದ್ದಲ್ಲ. ಕಣ ಹೋದರೆ ಅವಳಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ. ಬಾಯಿಗೂ ಕೆಲಸವಿರುತ್ತಿರಲಿಲ್ಲ.

“ನೆಟ್ಟಗ ಬಂದ್ರ ತಾನ ಸಾವ್ಕಾರ?” ಎಂದಳು ಪಕ್ಕೀರಮ್ಮ. “ಮೈಲಾರಲಿಂಗನ ಆಣಿ, ಆ ಸುಡೋ ಮನಿ ನೆಲಕ್ಕ ನಾ ಕಾಲಿಡಂಗಿಲ್ಲ.”

ದೇವರು ಅವಳ ಪಕ್ಷ ವಹಿಸಿದಂತೆ ಕಂಡಿತು. ಕೋಣೆಯಿಂದ ಹೊರಬಂದ ಮೊದಲ ರಟ್ಟುಗಳು ಕೆಂಡಕ್ಕೆ ಹಿಡಿದ ಹಪ್ಪಳದ ಹಾಗೆ ಸುರುಳಿ ಸುತ್ತಿದ್ದವು. ಎರಡನೆಯ ಸಲವೂ ಹಾಗೆಯೇ. ಗಾಳಿ ಹೊಡೆದ ಮುಖ ಬೇಗ ಒಣಗಿ ಬಿಗಿಯುತ್ತಿತ್ತು, ಬೆನ್ನು ಇನ್ನೂ ಹಸಿ. ಜಂಬುನಾಥ ಫ್ಯಾನಿನ ಬೆಲ್ಟು ಬಿಚ್ಚಿದ, ಬೆಲ್ಟು ಹಾಕಿದ. ಹೆಂಗಸರು ಸೆರಗಿನಲ್ಲಿ ನಕ್ಕರು. ಸುರುಳಿಯಾದ ಒಂದು ರಟ್ಟನ್ನು ಪಕ್ಕೀರಮ್ಮ ಕಿವಿಗಿಟ್ಟುಕೊಂಡು, “ಹಲೋ, ದಾವಣಗೆರಿಯೇನ್ರೀ?” ಎಂದು ಕೇಳಿದಳು.

ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಆಷಾಢವೆಂದರೆ ಗಾಳಿ. ಆ ವರ್ಷ ಗಾಳಿಯ ಜೊತೆ ಬಿಡದ ಜಿಟಿಜಿಟಿ ಮಳೆ ಕೂಡ. ಕಣದಲ್ಲಿ ರಟ್ಟು ಒಣಗಲಿಲ್ಲ. ಮನೆಯಲ್ಲಿ ಗಂಗಾಂಬಿಕಾಳ ಬಟ್ಟೆ ಒಣಗಲಿಲ್ಲ. ಎರಡು ವಿಪತ್ತಿನಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ಕೇಳಿದ್ದರೆ ನಾನು ಯೋಚಿಸದೆ ಉತ್ತರ ಕೊಡುತ್ತಿದ್ದೆ.

ಬಟ್ಟೆಯೆಂದರೆ ಬರೀ ಲಂಗೋಟಿಯಲ್ಲ. ಕೌದಿಗಳು. ನಮ್ಮತ್ತೆಯ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಜೋಡಿಸಿ ಪಕ್ಕೀರಮ್ಮನೇ ಕೈಯಾರೆ ಹೊಲಿದುಕೊಟ್ಟಿದ್ದ ಕೌದಿಗಳು. ಒಣಗಿದ್ದಾಗ ಅವುಗಳಷ್ಟು ಮೆತ್ತಗಿನದು ಲೋಕದಲ್ಲಿ ಇಲ್ಲ, ನೆನೆದರೆ ಎಮ್ಮೆ ಕರುವಿನ ಭಾರ. ಮಗಳು ಒಂದಾದ ಮೇಲೊಂದು ಒದ್ದೆ ಮಾಡುತ್ತಿದ್ದಳು, ನಾನು ಡೆಟಾಲಿನಲ್ಲಿ ಅದ್ದಿ ಇನ್ನಷ್ಟು ಒದ್ದೆ ಮಾಡುತ್ತಿದ್ದೆ. ಒಲೆಯ ಮೇಲೆ ಹಿಡಿದೆ, ಹೊಗೆ ಹತ್ತಿತು. ಇಸ್ತ್ರಿ ಹಚ್ಚಿದೆ, ಮನೆಯ ಫ್ಯೂಸು ಹೋಯಿತು. ಮಿಲ್ಲಿನದೂ ಹೋಯಿತೆಂದು ಗಂಡ ಹೇಳಿದರು, ನಾನು ಕಾರಣ ಕೇಳಲಿಲ್ಲ.

ಕೊನೆಗೆ ಗಂಟು ಹೊತ್ತು ಪಕ್ಕೀರಮ್ಮನ ಹತ್ತಿರ ಹೋದೆ.

“ಪಕ್ಕೀರಮ್ಮ, ಒಂದೂ ಒಣ ಕೌದಿ ಇಲ್ಲ. ಹಸಿಯದರ ಮೇಲೆ ಮಲಗಿಸಿದ್ರೆ ನ್ಯುಮೋನಿಯಾ ಬರುತ್ತೆ.”

“ಅದು ಯಾವೂರಿಂದ ಬರಬೇಕ್ರಿ ಈ ಮಳ್ಯಾಗ?”

“ತಮಾಷೆ ಮಾಡಬೇಡ. ಆ ಬಿಸಿಗಾಳಿ ಕೋಣೆಯಲ್ಲಿ ಹಾಕಿಕೊಡು. ನಾನು ಹೋದರೆ ಇವರು ಬೈತಾರೆ.” ನಿಜವಾಗಿ, ನಾನು ಹೋದರೆ ಬಾಗಿಲು ಹೊರಗಿನಿಂದ ಮುಚ್ಚಿಕೊಂಡೀತು ಎಂಬ ಭಯ.

ಪಕ್ಕೀರಮ್ಮ ನನ್ನನ್ನೂ, ಗಂಟನ್ನೂ, ಕೋಣೆಯನ್ನೂ ನೋಡಿದಳು. “ಆಣಿ ಮಾಡೀನಲ್ರೀ.”

ನಾನು ಅತ್ತುಬಿಟ್ಟೆ. ಆ ವರ್ಷ ನನಗೆ ಅಳಲು ಹೆಚ್ಚಿನ ಕಾರಣ ಬೇಕಾಗುತ್ತಿರಲಿಲ್ಲ.

“ಅಯ್ಯ, ಕೂಸಿಗಿಂತ ಕೂಸು ನೀವು,” ಎಂದು ಅವಳು ಗಂಟು ಕಿತ್ತುಕೊಂಡಳು. ಜಂಬುನಾಥ ರಟ್ಟು ನೇತು ಹಾಕಿಸಿ, ದೊಡ್ಡ ಬಾಗಿಲು ಮುಚ್ಚಿ, ಒಲೆಯ ಕಡೆ ಹೋಗಿದ್ದ. ಫ್ಯಾನಿನ ಪಕ್ಕದಲ್ಲಿ ಕಸ ಗುಡಿಸಲೆಂದು ಒಂದು ಸಣ್ಣ ಬಾಗಿಲಿತ್ತು. ಪಕ್ಕೀರಮ್ಮ ಒಂದು ಗೋಣಿಚೀಲ ತಂದು ಆ ಬಾಗಿಲೊಳಗೆ ಹಾಸಿ ಅದರ ಮೇಲೆ ಹೆಜ್ಜೆಯಿಟ್ಟಳು.

“ನೆಲಕ್ಕ ಕಾಲಿಡಂಗಿಲ್ಲ ಅಂದೀನಿ. ಇಟ್ಟಿಲ್ಲ. ಚೀಲದ ಮ್ಯಾಲ ನಿಂತೀನಿ. ಮೈಲಾರಲಿಂಗಗ ಕಣ್ಣದಾವ, ನೋಡ್ಕಂತಾನ.”

ಬಿಸಿ ಮೊದಲು ಬರುವುದು ಫ್ಯಾನಿನ ಬಾಯಿಗೇ ಅಲ್ಲವೇ? ಬೇಗ ಒಣಗಲೆಂದು ಅಲ್ಲಿಯೇ, ಗಾಳಿಯ ಬಾಯಿಗೆ ಅಡ್ಡಲಾಗಿ, ನೀರು ತೊಟ್ಟಿಕ್ಕುವ ಕೌದಿಗಳನ್ನೆಲ್ಲ ಸಾಲಾಗಿ ನೇತುಹಾಕಿದಳು. ಸಂಜೆ ದೊಡ್ಡ ಬಾಗಿಲು ತೆರೆಯುವ ಮೊದಲೇ ತೆಗೆದು ತಂದುಕೊಟ್ಟಳು. ಬಿಸಿ ರೊಟ್ಟಿಯಂಥ ಕೌದಿಗಳು! ನಾನು ಅವುಗಳಲ್ಲಿ ಮುಖ ಹುದುಗಿಸಿ ಕೂತಿದ್ದಾಗ ಮಿಲ್ಲಿನ ಕಡೆಯಿಂದ ಕೂಗು ಕೇಳಿಸಿತು.

ರಟ್ಟು ನೆಟ್ಟಗೆ ಬಂದಿತ್ತು. ಪ್ರತಿಯೊಂದೂ, ಸ್ಲೇಟಿನ ಹಾಗೆ.

ಜಂಬುನಾಥ ಷರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡು, “ಬೆಲ್ಟು ಸಾರ್. ನಾನು ಮೊದಲೇ ಹೇಳಿದ್ದೆ, ಎಲ್ಲಾ ಬೆಲ್ಟಿನಾಗೈತಿ ಅಂತ,” ಎಂದ. ಗಂಡ ಮನೆಗೆ ಬಂದು ಸಿಹಿ ಕೇಳಿದರು. ಒಂದು ವಾರ ಬಿಡದೆ ಹೀಗೇ ಬಂದರೆ ಕಣ ಮುಚ್ಚುವುದೆಂದರು. ಪಕ್ಕೀರಮ್ಮ ಕಣದ ಕಲ್ಲಿನ ಮೇಲೆ ಕೂತಿದ್ದಳು. ಅಂದು ಯಾರನ್ನೂ ಬೈಯಲಿಲ್ಲ.

ಮರುದಿನ ಬಿಸಿಲು ಬಂತು. ಕೌದಿಗಳು ನಮ್ಮ ಹಿತ್ತಲಲ್ಲೇ ಒಣಗಿದವು. ಕೋಣೆಯ ರಟ್ಟು ಮತ್ತೆ ಹಪ್ಪಳ. ಅದರ ಮರುದಿನ ಮಳೆ, ಗೋಣಿಚೀಲ, ಕೌದಿ. ರಟ್ಟು ನೆಟ್ಟಗೆ.

ನನಗೆ ತಿಳಿದದ್ದು ಆ ಸಂಜೆ ಕೌದಿ ಮಡಿಸುವಾಗ. ಬಿ.ಎಸ್ಸಿ. ಓದಿದವಳಿಗೆ ಮೊದಲ ದಿನವೇ ಹೊಳೆಯಬೇಕಿತ್ತು ಎನ್ನಬೇಡಿ. ನನ್ನ ವಿಜ್ಞಾನವೆಲ್ಲ ಆಗ ಡೆಟಾಲ್ ಬಾಟಲಿಯ ಮುಚ್ಚಳದಲ್ಲಿ ಅಳತೆಯಾಗುತ್ತಿತ್ತು. ಕೌದಿಗಳು ಗಾಳಿಯ ಹೊಡೆತಕ್ಕೆ ಅಡ್ಡ ನಿಲ್ಲುತ್ತಿದ್ದವು, ಒಣ ಬಿಸಿಯನ್ನು ತೇವದ ಬಿಸಿ ಮಾಡುತ್ತಿದ್ದವು. ರಟ್ಟಿನ ಮುಖ, ಬೆನ್ನು ಎರಡೂ ನಿಧಾನವಾಗಿ ಒಟ್ಟಿಗೆ ಒಣಗುತ್ತಿದ್ದವು. ಅಂದರೆ, ನನ್ನ ಮಗಳಿಗಾಗಿ ಪಕ್ಕೀರಮ್ಮ ತನ್ನ ಕಣವನ್ನು ತಾನೇ ಮುಚ್ಚಿಸುತ್ತಿದ್ದಳು.

ಓಡಿಹೋಗಿ ಅವಳಿಗೆ ಹೇಳಿದೆ. ಅವಳು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಅಂದ್ರ ನಾ ಕೌದಿ ಹಾಕಿದ್ರ ರಟ್ಟು ನೆಟ್ಟಗಾಗತಾವ. ನೆಟ್ಟಗಾದ್ರ ನಾ ಮನಿಗಿ.”

“ಹೌದು. ಹಾಕಬೇಡ ಇನ್ನು. ಬೇಡ. ಆದರೆ ಪಾಪು...” ನಾನು ಅಲ್ಲಿಗೇ ನಿಂತೆ. ಹಾಕಬೇಡ ಎನ್ನುವ ಬಾಯಿಗೂ, ಹಾಕು ಎಂದು ಚಾಚಿದ ಕೈಗೂ ನಡುವೆ ಸಿಕ್ಕಿಕೊಂಡ ಹೆಂಗಸನ್ನು ನೀವು ನೋಡಿಲ್ಲವಾದರೆ ಅಂದು ನನ್ನನ್ನು ನೋಡಬೇಕಿತ್ತು.

ಪಕ್ಕೀರಮ್ಮ ತುಸು ಹೊತ್ತು ಮೋಡ ನೋಡಿದಳು. “ನಾಳಿಗಿ ಮಳಿ ಇಲ್ಲ,” ಎಂದಳು. ಆದ್ದರಿಂದ ಮರುದಿನ ಮಳೆ ಬಂತು. ಬೆಳಗ್ಗೆ ಅವಳೇ ನಮ್ಮ ಹಿತ್ತಲಿಗೆ ಬಂದು ಕೈ ಚಾಚಿದಳು. “ತರ್ರಿ ಇಲ್ಲಿ. ನಾ ಹೊಲಿದ ಕೌದಿ, ಹಸೀದು ಹೆಂಗ ಹಾಸಾಕ ಬಿಡ್ಲಿ? ಆದ್ರ ಸಾವ್ಕಾರ್ಗ ಹೇಳಿದ್ರಿ ಅಂದ್ರ ನೋಡ್ರಿ ಮತ್ತ. ಆ ಇಸ್ತ್ರಿ ಅಂಗಿಯವನಿಗೆ ತಿಳೀಲಾರದ್ದು ನಮಗ ಯಾಕ?”

ನಾನು ಬಾಯಿ ಬಿಡುವುದಿಲ್ಲ ಎಂದು ಮಗುವಿನ ತಲೆ ಮುಟ್ಟಿ ಮಾತು ಕೊಟ್ಟೆ, ಆಮೇಲೆ ಯಾಕಾದರೂ ತಲೆ ಮುಟ್ಟಿದೆನೋ ಎಂದು ದಿನವಿಡೀ ನಡುಗಿದೆ. ಗುಟ್ಟು ಇಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ. ಊಟಕ್ಕೆ ಬಡಿಸುವಾಗ ಗಂಡ “ಏನು?” ಎಂದರೆ, “ಕೌದಿ” ಎಂದು ಬಾಯಿಗೆ ಬರುತ್ತಿತ್ತು, “ಕೋಸಂಬರಿ” ಎಂದು ನುಂಗುತ್ತಿದ್ದೆ. ಅವರು ಕೋಸಂಬರಿ ಎಲ್ಲಿ ಎಂದು ಹುಡುಕುತ್ತಿದ್ದರು. ಆ ವಾರ ನಮ್ಮ ಮನೆಯಲ್ಲಿ ದಿನಾ ಕೋಸಂಬರಿ.

ರಟ್ಟು ಮಾತ್ರ ಮಳೆ ಬಂದ ದಿನ ನೆಟ್ಟಗೆ, ಬಿಸಿಲು ಬಂದ ದಿನ ಸುರುಳಿ. ಜಂಬುನಾಥನ ಷರ್ಟಿಗೆ ಇಸ್ತ್ರಿ ತಪ್ಪಿತು. ನೆಟ್ಟಗೆ ಬಂದವನ್ನೆಲ್ಲ ಆಯ್ದು ಲಾರಿಗೆ ಹಾಕಿ ದಾವಣಗೆರೆಯ ಬುಕ್ ಬೈಂಡರಿಗೆ ಕಳಿಸಿದರು.

ನಾಲ್ಕಾರು ದಿನಕ್ಕೆ ಅಲ್ಲಿಂದ ಫೋನು ಬಂತು. ಮಾತು ಮುಗಿಸಿ ಗಂಡ ಹುಬ್ಬು ಗಂಟಿಕ್ಕಿಕೊಂಡು ಒಳಗೆ ಬಂದರು.

“ರಟ್ಟು ಭಾಳ ಚಲೋ ಅದಾವಂತ, ಅಮೃತಾ. ಆದ್ರ ಗೋಡೌನೆಲ್ಲ ಆಸ್ಪತ್ರಿ ವಾಸನಿ ಹೊಡಿತೈತಂತ. ಬಂದ ಗಿರಾಕಿ, ಒಳಗ ಯಾರಿಗಿ ಆರಾಮಿಲ್ಲ ಅಂತ ಕೇಳ್ತಾರಂತ.”

ಹೇಳುತ್ತ ಹೇಳುತ್ತ ಅವರು ಮಗಳನ್ನು ಎತ್ತಿಕೊಂಡರು. ಎತ್ತಿಕೊಂಡವರು ಅವಳನ್ನು ಸುತ್ತಿದ್ದ ಕೌದಿಯನ್ನು ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ನನ್ನನ್ನು ನೋಡಿದರು.

“ಕೋಸಂಬರಿ,” ಎಂದೆ ನಾನು.

ಕಣದಲ್ಲಿ ಪಂಚಾಯಿತಿ ಸೇರಿತು. ಗಂಡ, ಜಂಬುನಾಥ, ಹೆಂಗಸರು, ಮಗುವನ್ನು ಎತ್ತಿಕೊಂಡ ನಾನು. ಪಕ್ಕೀರಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಬಾಯಿ ಸೋಲಲಿಲ್ಲ.

“ಹೌದ್ರಿ, ನಾನ ಹಾಕೀನಿ. ಕೂಸಿನ ಕೌದಿ ಒಣಗಿಸೀನಿ. ಕಳುವು ಮಾಡೀನೇನು?”

“ಯಾರು ಕಳುವು ಅಂದ್ರು? ರಟ್ಟು ನೆಟ್ಟಗಾಗೋದು ಕೌದಿಯಿಂದ ಅಂತ ತಿಳೀತಲ್ಲ, ಇನ್ನ ಸಾಕು,” ಎಂದರು ನನ್ನ ಗಂಡ. ಅವರ ದನಿಯಲ್ಲಿ ಸಂತೋಷವಿತ್ತು. ಅವರು ನೇತು ಹಾಕಲೆಂದು ತಂದಿದ್ದ ಗಂಡಾಳು ಗಾಳೆಪ್ಪನ ಕಡೆ ತಿರುಗಿ, ನಾಳೆಯಿಂದ ಗೋಣಿಚೀಲ ನೆನೆಸಿ ಫ್ಯಾನಿನ ಬಾಯಿಗೆ ಕಟ್ಟಲು ಹೇಳಿದರು.

ಗಾಳೆಪ್ಪ ಕಟ್ಟಿದ. ಒದ್ದೆ ಚೀಲ ನೋಡನೋಡುವಷ್ಟರಲ್ಲಿ ಒಣಗಿತು. ಒಣಗಿದ ಚೀಲದಿಂದ ಸೆಣಬಿನ ಜುಂಗು ಹಾರಿ ಹಸಿ ರಟ್ಟಿಗೆಲ್ಲ ಅಂಟಿತು. ಸಂಜೆ ಬಾಗಿಲು ತೆರೆದರೆ ರಟ್ಟಿಗೆ ಮೀಸೆ ಬಂದಿತ್ತು. ಮೈಲಮ್ಮ ಒಂದನ್ನು ಎತ್ತಿ ಹಿಡಿದು, “ಇದು ಯಾರ ಮನಿ ಮಾವನೋ!” ಎಂದಳು.

ಪದರ ಪದರ ಹತ್ತಿಯ ಹಳೆ ಬಟ್ಟೆಯೇ ಬೇಕು, ನೀರು ಹಿಡಿದಿಟ್ಟುಕೊಳ್ಳಬೇಕು, ಜುಂಗು ಬಿಡಬಾರದು. ಕೌದಿಯೇ ಬೇಕು. ಗಂಡ ನಮ್ಮ ಹಿತ್ತಲಿನಿಂದ ಒಂದು ತರಿಸಿ ಗಾಳೆಪ್ಪನ ಮುಂದೆ ಹಿಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಅದು ಹೆಂಗಸರ ಸೀರಿದ್ರೀ ಸಾವ್ಕಾರ. ಅದರಾಗ ಕೂಸಿನ ಉಚ್ಚಿ ಬ್ಯಾರೆ. ಹೊಟ್ಟು ಹೊರು ಅನ್ರಿ, ಹೊರ್ತೀನಿ. ಇದನ್ನ ಹಿಂಡಿ ನೇತು ಹಾಕಿದ್ರ ಊರಾಗ ನನ್ನನ್ನ ಬಾಣಂತಿ ಅಂತಾರ.”

ಎರಡನೆಯ ಗಂಡಾಳು ಆ ಹೊತ್ತಿಗಾಗಲೇ ಒಲೆಯ ಮರೆ ಸೇರಿದ್ದ. ಜಂಬುನಾಥ ತನ್ನ ಷರ್ಟು ನೋಡಿಕೊಂಡ. ಗಂಡ ಕೌದಿ ಹಿಡಿದುಕೊಂಡು ನಿಂತೇ ಇದ್ದರು. ಅದರಿಂದ ಅವರ ಚಪ್ಪಲಿಯ ಮೇಲೆ ಡೆಟಾಲ್ ನೀರು ತೊಟ್ಟಿಕ್ಕುತ್ತಿತ್ತು.

ಆಗ ಪಕ್ಕೀರಮ್ಮ ಕಲ್ಲಿನಿಂದ ಎದ್ದಳು. ಮೊಣಕಾಲು ಹಿಡಿದುಕೊಂಡು, ಸಾವಕಾಶವಾಗಿ, ಎಲ್ಲರಿಗೂ ಕಾಣುವ ಹಾಗೆ.

“ಕೊಡ್ರಿ ಇತ್ಲಾಗ. ನೀವು ಹಿಡ್ಕಂಡ್ರೆ ಚಂದ ಕಾಣಂಗಿಲ್ಲ. ಕೌದಿ ಹೊಲೀಬೇಕು, ಒಗೀಬೇಕು, ದಿನಾ ಮ್ಯಾಲಿಂದ ಮ್ಯಾಲ ನೆನಸಿ ಬದಲಿ ಮಾಡಬೇಕು. ಒಬ್ಬಾಕಿ ಕೈಲಾಗಂಗಿಲ್ಲ. ನನ್ನ ಹೆಣ್ಮಕ್ಕಳು ಬೇಕು. ಬ್ಯಾಸಗ್ಯಾಗ ಬಿಸಿಲು ಪುಕ್ಕಟಿ ಐತಿ, ಆಗ ಕಣ. ಮಳಿಗಾಲಕ್ಕ ಈ ಸುಡೋ ಮನಿ. ಆಗೂದಾದ್ರ ಹೂಂ ಅನ್ರಿ, ಇಲ್ಲಾಂದ್ರ ಗಾಳೆಪ್ಪಗ ಸೀರಿ ಉಡಸ್ರಿ.”

ಗಂಡ ಹೂಂ ಅನ್ನಲಿಲ್ಲ. ಕೌದಿಯನ್ನು ಅವಳ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಅವರು ಒಪ್ಪುವುದು ಹಾಗೆಯೇ.

ಎಲ್ಲರೂ ಉಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಮಳೆಗಾಲದ ಕೆಲಸಕ್ಕೆ ಕಣದಷ್ಟು ಕೈ ಬೇಕಾಗಲಿಲ್ಲ. ಮೈಲಮ್ಮ ಈರುಳ್ಳಿ ಹೊಲಕ್ಕೆ ಹೋದಳು, ಬೇಸಿಗೆಯಲ್ಲಿ ಮಾತ್ರ ಬರುತ್ತಾಳೆ, ಬಂದಾಗ ಮಳೆಗಾಲದ ಬಾಕಿ ಚೇಷ್ಟೆಯನ್ನೆಲ್ಲ ತೀರಿಸಿ ಹೋಗುತ್ತಾಳೆ. ಉಳಿದವರು ಊರಿನ ಹಳೆ ಸೀರೆಗಳನ್ನೆಲ್ಲ ತಂದು ಮಿಲ್ಲಿಗಾಗಿ ಕೌದಿ ಹೊಲಿದರು. ನನಗೆ ಡೆಟಾಲ್ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಮೊದಲ ವಾರ ಕೈ ಎಲ್ಲಿಡುವುದೆಂದು ತಿಳಿಯದೆ ಒದ್ದಾಡಿದೆ. ಮಗಳಿಗೆ ಏನೂ ಆಗಲಿಲ್ಲ. ಅದಕ್ಕೂ ಸ್ವಲ್ಪ ಗಾಬರಿಯಾಯಿತು.

ಈಗ ಅವಳಿಗೆ ಮೂರು ವರ್ಷ. ಯಾರದಾದರೂ ಮನೆಯಲ್ಲಿ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ ಕಂಡರೆ ನಾನು ಕದ್ದು ಮೂಸಿ ನೋಡುತ್ತೇನೆ. ಆ ಮನೆಯವರು ನಾನು ಬಹಳ ಓದುವವಳೆಂದು ತಿಳಿಯುತ್ತಾರೆ.

ನಾಲ್ಕು ಗೋಡೆ ಕಂಡರೆ ಉಸಿರು ಕಟ್ಟುತ್ತಿದ್ದ ಪಕ್ಕೀರಮ್ಮ ಮಳೆಗಾಲವಿಡೀ ಆ ಸಣ್ಣ ಬಾಗಿಲ ಬಳಿಯೇ ಇರುತ್ತಾಳೆ, ಅರ್ಧ ಒಳಗೆ, ಅರ್ಧ ಹೊರಗೆ. ಗೋಣಿಚೀಲ ಇನ್ನೂ ಅಲ್ಲಿದೆ. ಒಂದು ಸವೆದರೆ ಇನ್ನೊಂದು ಬರುತ್ತದೆ. ಅವಳು ಇಂದಿನವರೆಗೂ ಆ ಕೋಣೆಯ ನೆಲಕ್ಕೆ ಕಾಲಿಟ್ಟಿಲ್ಲ.

ಮೊನ್ನೆ ಮಗಳು ಆಡುತ್ತ ಆ ಕಡೆ ಹೋದಳೆಂದು ಎದೆ ಬಡಿದುಕೊಂಡು ಓಡಿಹೋದೆ. ಮಗಳು ಚೀಲದ ಮೇಲೆ ಅಚ್ಚುಕಟ್ಟಾಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಅವಸರದಲ್ಲಿ ನಾನು ಚೀಲ ದಾಟಿ ಬರಿಯ ನೆಲದ ಮೇಲೆ ನಿಂತಿದ್ದೆ.

“ಅಮ್ಮಾರೆ,” ಎಂದಳು ಪಕ್ಕೀರಮ್ಮ, ಕೌದಿ ಹಿಂಡುತ್ತ, “ಚೀಲದ ಮ್ಯಾಲ ಬರ್ರಿ. ಕೂಸಿಗಿರೋ ಬುದ್ಧಿ ನಿಮಗ ಯಾವಾಗ ಬರತೈತಿ?”

ನಾನು ಚೀಲದ ಮೇಲೆ ಹೋಗಿ ನಿಂತೆ. ಮೂವರಿಗೆ ಜಾಗ ಸಾಲದು. ಹೇಗೋ ಒತ್ತಿಕೊಂಡು ನಿಂತೆವು.